ಮಾದಲಿಯ ಮೇಲಿನ ಪುಡಿ, ಮಗುವಿನ ಪಾಲಿನ ಹಾಲು

(ಮಾದನಹಿಪ್ಪರಗಾದಲ್ಲಿ ಹಾಲು ಉತ್ಪಾದಕ ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಹಬ್ಬ, ಜಾತ್ರೆ ಬಂತೆಂದರೆ ನಮ್ಮ ಕಡೆ ಮಾದಲಿ ಮಾಡುತ್ತೇವೆ. ಕೆಲವರು ಮಾಲ್ದಿ ಎನ್ನುತ್ತಾರೆ. ಗೋಧಿ, ಕಡಲೆಬೇಳೆ ಕೂಡಿಸಿ ತರಿಯಾಗಿ ಬೀಸಿ, ದಪ್ಪ ರೊಟ್ಟಿ ಬೇಯಿಸಿ, ಮುರಿದು ಪುಡಿ ಮಾಡಿ ಬೆಲ್ಲ ಬೆರೆಸುತ್ತೇವೆ. ಮೇಲೆ ಪುಠಾಣಿ, ಎಳ್ಳು, ಒಣಕೊಬ್ಬರಿ, ಖಸಖಸಿ ಉದುರಿಸಿ ತುಪ್ಪ, ಹಾಲು ಹಾಕಿಕೊಂಡು ಉಣ್ಣುತ್ತೇವೆ. ಈ ಉದುರಿಸುವ ಪುಡಿ ಬರೀ ರುಚಿಗಲ್ಲ.

ಗೋಧಿಯ ಪ್ರೋಟೀನಿನಲ್ಲಿ ಲೈಸಿನ್ ಎಂಬ ಅಂಶ ಕಡಿಮೆ. ಬೇಳೆ, ಪುಠಾಣಿ, ಹಾಲಿನಲ್ಲಿ ಅದು ಸಾಕಷ್ಟಿದೆ. ಕೂಡಿಸಿ ಉಂಡಾಗ ಒಂದರ ಕೊರತೆಯನ್ನು ಇನ್ನೊಂದು ತುಂಬುತ್ತದೆ. 10 ಗ್ರಾಂ ಶೇಂಗಾ ಪುಡಿ ಸೇರಿಸಿದರೆ ಸುಮಾರು 2.5 ಗ್ರಾಂ ಪ್ರೋಟೀನ್ ಹೆಚ್ಚುತ್ತದೆ. ಸಿಪ್ಪೆಸಹಿತ 10 ಗ್ರಾಂ ಎಳ್ಳಿನಲ್ಲಿ ಸುಮಾರು 100 ಮಿಲಿಗ್ರಾಂ ಸುಣ್ಣದಂಶವಿದೆ. ಆದರೆ ಸಿಪ್ಪೆಯಲ್ಲಿರುವ ಆಕ್ಸಲೇಟ್ ಅದನ್ನು ಹಿಡಿದಿಡುವುದರಿಂದ ಮೈಗೆ ಹತ್ತುವುದು ಕಡಿಮೆ. ಹಾಲಿನ ಸುಣ್ಣದಂಶ ಸುಲಭವಾಗಿ ಹತ್ತುತ್ತದೆ. ಆದ್ದರಿಂದ ಪುಡಿ ಎಷ್ಟೇ ಉದುರಿಸಿದರೂ ಹಾಲು ಬಿಡುವಂತಿಲ್ಲ.

ಪೇಟೆಯಲ್ಲಿ ಐಸ್‌ಕ್ರೀಮಿನ ಮೇಲೆ ಬಿಸ್ಕತ್ತಿನ ಪುಡಿ ಉದುರಿಸಿ ಕೊಡುತ್ತಾರೆ. ಅದು ಬಹುಪಾಲು ಮೈದಾ, ಸಕ್ಕರೆ, ಎಣ್ಣೆ. ನಮ್ಮ ಪುಡಿಯೇ ಮೇಲು. ಆದರೂ ಎರಡು ಎಚ್ಚರಿಕೆ. ಬೆಲ್ಲವೂ ಸಕ್ಕರೆಯ ಜಾತಿಯೇ, ಹಿಡಿತದಲ್ಲಿರಲಿ. ಬೂಷ್ಟು ಹಿಡಿದ ಶೇಂಗಾ ನೀವೂ ತಿನ್ನಬೇಡಿ, ಎಮ್ಮೆಗೂ ಹಾಕಬೇಡಿ. ಆ ಬೂಷ್ಟಿನ ವಿಷ ಹಾಲಿಗೂ ಇಳಿಯುತ್ತದೆ.

ಇನ್ನು ಮುಖ್ಯ ಮಾತು. ಎರಡು ಹೊತ್ತು ಹಿಂಡಿದ್ದನ್ನೆಲ್ಲ ಸಂಘಕ್ಕೆ ಹಾಕಿ, ಮಕ್ಕಳಿಗೆ ಕರಿ ಚಹಾ ಕೊಡುವ ಮನೆಗಳಿವೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ 7ರಿಂದ 9 ವರ್ಷದ ಮಗುವಿಗೆ ದಿನಕ್ಕೆ 650 ಮಿಲಿಗ್ರಾಂ ಸುಣ್ಣದಂಶ ಬೇಕು. 200 ಮಿಲಿಲೀಟರ್ ಹಾಲಿನಲ್ಲಿ ಸುಮಾರು 240 ಮಿಲಿಗ್ರಾಂ ಸಿಗುತ್ತದೆ. 2013ರಲ್ಲಿ ಆರಂಭವಾದ ಕ್ಷೀರಭಾಗ್ಯದಿಂದ ಶಾಲೆಯಲ್ಲಿ ಹಾಲು ಸಿಗುತ್ತದೆ, ನಿಜ. ಆದರೆ ರಜೆಯ ದಿನಗಳಲ್ಲಿ ಏನು? ಇನ್ನೂ ಶಾಲೆಗೆ ಹೋಗದ ಕೂಸಿಗೆ ಏನು?

ಸಂಘಕ್ಕೆ ಹಾಲು ಒಯ್ಯುವ ಮೊದಲು ಮಗುವಿನ ಪಾಲಿನ ಒಂದು ಲೋಟ ಎತ್ತಿಡಿ. ಬಿಲ್ಲಿನಲ್ಲಿ ಕೆಲವು ರೂಪಾಯಿ ಕಡಿಮೆಯಾಗಬಹುದು, ಮಗು ಗಟ್ಟಿಯಾಗುತ್ತದೆ. ಸಂಘದ ವೇದಿಕೆಯಿಂದಲೇ ಈ ಮಾತು ಹೇಳುತ್ತಿದ್ದೇನೆ. ಹಬ್ಬದ ದಿನ ಆ ಹಾಲು ಮಾದಲಿಯ ಮೇಲಿರಲಿ, ಉಳಿದ ದಿನ ಲೋಟದಲ್ಲಿರಲಿ.