ಹಾಸಿಗೆಯೊಂದಿಗೆ ಬಂದ ಶಾಲೆ

ಸಿರುಗುಪ್ಪದ ಭತ್ತದ ಗದ್ದೆಗೋ ಕುರುಗೋಡಿನ ಮೆಣಸಿನಕಾಯಿ ಹೊಲಕ್ಕೋ ತಾಯಿ ಕೂಲಿಗೆ ಹೊರಟರೆ, ತಮ್ಮ ತಂಗಿಯರನ್ನು ನೋಡಿಕೊಳ್ಳಲು ಹಿರಿಯ ಮಗಳು ಶಾಲೆ ಬಿಡುತ್ತಾಳೆ. ಇಂಥ ಬಾಲಕಿಯರಿಗಾಗಿ ಕೇಂದ್ರ ಸರ್ಕಾರ 2004ರಲ್ಲಿ ಕಸ್ತೂರಬಾ ಗಾಂಧಿ ಬಾಲಿಕಾ ವಿದ್ಯಾಲಯಗಳನ್ನು ಆರಂಭಿಸಿತು. ಶೈಕ್ಷಣಿಕವಾಗಿ ಹಿಂದುಳಿದ ತಾಲ್ಲೂಕುಗಳಲ್ಲಿ 6ರಿಂದ 8ನೆಯ ತರಗತಿಯವರೆಗೆ ಊಟ, ವಸತಿ, ಪಾಠ ಎಲ್ಲವೂ ಉಚಿತ. ಶೇಕಡಾ 75 ಸ್ಥಾನಗಳು ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ ಹಾಗೂ ಅಲ್ಪಸಂಖ್ಯಾತರಿಗೆ. ಉಳಿದವು ಬಡತನದ ರೇಖೆಗಿಂತ ಕೆಳಗಿನ ಕುಟುಂಬಗಳಿಗೆ.

ಆದರೆ ಎಂಟನೆಯ ತರಗತಿ ಮುಗಿಸಿ ಮನೆಗೆ ಮರಳಿದ ಎಷ್ಟೋ ಹುಡುಗಿಯರಿಗೆ ಕಾದಿದ್ದುದು ಮದುವೆಯ ಮಾತು. 2018ರಲ್ಲಿ ಸಮಗ್ರ ಶಿಕ್ಷಣ ಯೋಜನೆ ಈ ವಸತಿಯನ್ನು 12ನೆಯ ತರಗತಿಯವರೆಗೆ ವಿಸ್ತರಿಸಲು ಅವಕಾಶ ಕೊಟ್ಟಿತು. ಆ ನಾಲ್ಕು ವರ್ಷಗಳೇ ಒಂದು ಬಾಳನ್ನು ಬದಲಿಸಬಲ್ಲವು. ನಿಮ್ಮ ಕೇರಿಯಲ್ಲಿ ಶಾಲೆ ಬಿಟ್ಟ ಬಾಲಕಿಯಿದ್ದರೆ, ಕ್ಷೇತ್ರ ಶಿಕ್ಷಣಾಧಿಕಾರಿಗಳ ಕಚೇರಿಗೆ ದಯವಿಟ್ಟು ತಿಳಿಸಿ.