ಬಿಡುವ ಹೊತ್ತು

(ಪುಣೆಯ ಕನ್ನಡಿಗರ ರಾಜ್ಯೋತ್ಸವ ಸಭೆಯಲ್ಲಿ ಮಾಡಿದ ಭಾಷಣ)



ರಾಜ್ಯೋತ್ಸವದ ವೇದಿಕೆಯ ಮೇಲೆ ಗೆದ್ದವರ ಮಾತನ್ನಾಡುವುದು ವಾಡಿಕೆ. ಈ ಸಲವೂ ಕಾರ್ಯಕಾರಿ ಸಮಿತಿಯವರು 'ಯಶಸ್ಸಿನ ದಾರಿ' ಎಂಬ ವಿಷಯವನ್ನೇ ಸೂಚಿಸಿದ್ದರು. ಆ ದಾರಿಯನ್ನು ತೋರಿಸುವವರು ಬೇಕಾದಷ್ಟು ಮಂದಿ ಇರುವರು, ನಾವು ಅದರ ಪಕ್ಕದ ಓಣಿಯನ್ನು ಕುರಿತು ನಾಲ್ಕು ಮಾತು ಆಡುತ್ತೇವೆ ಎಂದು ಬಿನ್ನವಿಸಿಕೊಂಡೆವು. ಕೈಹಿಡಿದ ಕೆಲಸ ಸೋತಾಗ ಏನು ಮಾಡಬೇಕು, ಅದನ್ನು ಯಾವಾಗ ಬಿಡಬೇಕು ಎಂಬುದೇ ಆ ಓಣಿ. ಹಬ್ಬದ ದಿನ ಇದೆಂಥ ಅಪಶಕುನದ ಮಾತು ಎಂದು ಹಿರಿಯರು ಬೇಸರ ಮಾಡಿಕೊಳ್ಳಬಾರದು.

'ಕೆಟ್ಟು ಪಟ್ಟಣ ಸೇರು' ಎಂಬ ಗಾದೆ ನಮ್ಮಲ್ಲಿದೆ. ಈ ಸಭೆಯಲ್ಲಿ ಕುಳಿತಿರುವ ನಾವೆಲ್ಲ ಒಂದಲ್ಲ ಒಂದು ಬಗೆಯಲ್ಲಿ ಆ ಗಾದೆಯ ಸಂತಾನವೇ. 1956ರ ನವೆಂಬರ್ 1ಕ್ಕೆ ಮುಂಚೆ ಬಿಜಾಪುರ, ಧಾರವಾಡ, ಬೆಳಗಾವಿ, ಕಾರವಾರದ ಸೀಮೆಗಳು ಮುಂಬಯಿ ರಾಜ್ಯದಲ್ಲಿದ್ದಾಗ ಓದಿಗೆಂದು, ನೌಕರಿಗೆಂದು ಇಲ್ಲಿಗೆ ಬಂದವರು ಕೆಲವರು. 1972ರ ಬರಗಾಲದಲ್ಲಿ ಹೊಲ ಬಿಟ್ಟು ಬಂದವರು ಕೆಲವರು. ಕುಂದಾಪುರ ಉಡುಪಿಯ ಕಡೆಯಿಂದ ಹೋಟೆಲಿನ ಕೆಲಸಕ್ಕೆ ಬಂದವರು, ಹಿಂಜವಡಿಯ ಕಂಪ್ಯೂಟರ್ ಕಚೇರಿಗಳಿಗೆ ಮೊನ್ನೆ ಮೊನ್ನೆ ಬಂದವರು ಇನ್ನು ಕೆಲವರು. ಮಳೆಯಿಲ್ಲದ ಹೊಲವನ್ನು ಮತ್ತೆ ಮತ್ತೆ ಹರಗುತ್ತ ಕೂರದೆ, ಕುಂಟೆಯನ್ನು ಗೋಡೆಗೆ ಆನಿಸಿಟ್ಟು ರೈಲು ಹತ್ತಿದ ನಮ್ಮ ಅಜ್ಜಂದಿರನ್ನು ಯಾರೂ ಹೇಡಿಗಳೆನ್ನಲಿಲ್ಲ. ಅವರು ಬಿಡುವ ಹೊತ್ತನ್ನು ಬಲ್ಲವರಾಗಿದ್ದರು.

ಆದರೆ ಪಟ್ಟಣ ಸೇರಿದ ಮೇಲೆ ಆ ವಿದ್ಯೆ ನಮಗೆ ಮರೆತುಹೋದಂತೆ ತೋರುತ್ತದೆ. ಊರಿಗೆ 'ಇಲ್ಲಿ ಎಲ್ಲ ಕ್ಷೇಮ' ಎಂದು ಪತ್ರ ಬರೆದೆವು. ಈಗ ಫೋನಿನಲ್ಲಿ ಅದನ್ನೇ ಹೇಳುತ್ತೇವೆ. ಒಮ್ಮೆ ಹಾಗೆ ಹೇಳಿದ ಮೇಲೆ ಅದನ್ನು ನಿಜಮಾಡಿ ತೋರಿಸುವ ಹೊರೆ ನಮ್ಮ ತಲೆಯ ಮೇಲೆಯೇ ಬೀಳುತ್ತದೆ. ಖಾನಾವಳಿಯೊಂದನ್ನೇ ತೆಗೆದುಕೊಳ್ಳಿರಿ. ಮೊದಲ ವರ್ಷ ಬಾಡಿಗೆ ಹುಟ್ಟುವುದಿಲ್ಲ; ಅದು ಸಹಜ. ಎರಡನೆಯ ವರ್ಷ ಭಿಶಿಯ ಹಣ ಎತ್ತಿ ಗ್ಯಾಸು, ಕಿರಾಣಿಯ ಬಾಕಿ ತೀರಿಸುತ್ತಾರೆ. ಮೂರನೆಯ ವರ್ಷ ಭಾವಮೈದುನನಿಂದ ಸಾಲ, ನಾಲ್ಕನೆಯ ವರ್ಷ ಆ ಸಾಲಕ್ಕೆ ಮನೆಯಾಕೆಯ ಬಳೆ. ಏಕೆ ನಡೆಸುತ್ತೀರಿ ಎಂದು ಕೇಳಿದರೆ 'ಜಾತ್ರೆಗೆ ಹೋದಾಗ ಊರವರಿಗೆ ಏನು ಹೇಳಲಿ?' ಎನ್ನುತ್ತಾರೆ. ರೊಟ್ಟಿ ಚೆನ್ನಾಗಿರಲಿಲ್ಲವೆಂದಲ್ಲ. ಆ ಬೀದಿಯಲ್ಲಿದ್ದ ಕಚೇರಿ ಬೇರೆ ಕಡೆಗೆ ಹೋಯಿತು, ಉಣ್ಣುವವರೂ ಅದರ ಹಿಂದೆಯೇ ಹೋದರು. ಇಂಥ ಎರಡು ಮೂರು ಮನೆಗಳು ಈ ಸಭೆಯಲ್ಲಿರುವ ಪ್ರತಿಯೊಬ್ಬರಿಗೂ ಗೊತ್ತು. ಹೆಸರು ಬೇಡ.

ಮಕ್ಕಳ ಮಾತು ಇನ್ನೂ ಸೂಕ್ಷ್ಮವಾದದ್ದು. ಸದಾಶಿವ ಪೇಠೆ, ನವೀ ಪೇಠೆಗಳ ಅಭ್ಯಾಸಿಕೆಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಬಾಗಿ ಕುಳಿತು ಓದುವ ಹುಡುಗ ಹುಡುಗಿಯರನ್ನು ನೀವು ಕಂಡಿರುವಿರಿ. ಕೇಂದ್ರ ಲೋಕಸೇವಾ ಆಯೋಗದ ನಾಗರಿಕ ಸೇವೆಯ ಪರೀಕ್ಷೆಗೆ ಅರ್ಜಿ ಹಾಕುವವರು ಲಕ್ಷಗಳ ಲೆಕ್ಕದಲ್ಲಿರುತ್ತಾರೆ, ಕೊನೆಗೆ ಆಯ್ಕೆಯಾಗುವವರು ಸಾವಿರದ ಆಸುಪಾಸು. ಸಾಮಾನ್ಯ ವರ್ಗದವರಿಗೆ 32 ವರ್ಷ ವಯಸ್ಸಿನೊಳಗೆ 6 ಸಲ ಅವಕಾಶವೆಂದು ಆಯೋಗವೇ ಗೆರೆ ಎಳೆದಿದೆ. ಇಂಥ ಗೆರೆ ಒಂದು ಬಗೆಯ ಉಪಕಾರವೆಂದೇ ನಮಗೆ ತೋರುತ್ತದೆ. ಆದರೆ ಗೆರೆ ಮುಟ್ಟುವವರೆಗೂ ನಡೆಯಲೇಬೇಕೆಂದು ಯಾವ ಶಾಸ್ತ್ರದಲ್ಲಿಯೂ ಹೇಳಿಲ್ಲ.

ಹಾಗಾದರೆ ಯಾವಾಗ ಬಿಡಬೇಕು, ಯಾವಾಗ ಹಲ್ಲುಕಚ್ಚಿ ನಿಲ್ಲಬೇಕು? ಇದಕ್ಕೆ ಉಪದೇಶಕ್ಕಿಂತ ಒಂದು ಬಾಳು ಹೆಚ್ಚು ಉಪಯೋಗಕ್ಕೆ ಬರುತ್ತದೆ. ಸರ್ ಎಂ. ವಿಶ್ವೇಶ್ವರಯ್ಯನವರ ಚಿತ್ರವನ್ನು ಈ ಸಭಾಮಂಟಪದಲ್ಲಿಯೂ ತೂಗುಹಾಕಿದ್ದೇವೆ. ಅವರು ಕಟ್ಟಿದ್ದನ್ನು ಶಾಲೆಯ ಮಕ್ಕಳೂ ಹೇಳಬಲ್ಲರು. ಅವರು ಬಿಟ್ಟದ್ದನ್ನು ಯಾರೂ ಹೇಳುವುದಿಲ್ಲ.

ಅವರು ಒಂದರ್ಥದಲ್ಲಿ ಪುಣೆಯವರೇ. ಇಲ್ಲಿಯ ಸಾಯನ್ಸ್ ಕಾಲೇಜಿನಲ್ಲಿ ಇಂಜನಿಯರಿಂಗ್ ಓದಿ, 1884ರಲ್ಲಿ ಮುಂಬಯಿ ಸರಕಾರದ ಲೋಕೋಪಯೋಗಿ ಇಲಾಖೆಗೆ ಸೇರಿದರು. ಖಡಕವಾಸಲೆಯ ಕಟ್ಟೆಗೆ 1903ರಲ್ಲಿ ತಾವಾಗಿಯೇ ತೆರೆದು ಮುಚ್ಚುವ ಬಾಗಿಲುಗಳನ್ನು ಅಳವಡಿಸಿದವರು ಅವರು. ನೀರಾ ಕಾಲುವೆಯಲ್ಲಿ ನೀರು ಹಂಚುವ ಬ್ಲಾಕ್ ಪದ್ಧತಿಯನ್ನು ತಂದಾಗ ರೈತರಿಂದ ವಿರೋಧ ಬಂದಿತು. ಅದನ್ನು ಅವರು ಬಿಡಲಿಲ್ಲ, ರೈತರೊಡನೆ ಮಾತನಾಡಿ ಒಪ್ಪಿಸಿದರು. ಹೀಗೆ ಹಿಡಿದದ್ದನ್ನು ಸಾಧಿಸುವ ಮನುಷ್ಯ, 1908ರಲ್ಲಿ, ತಮ್ಮ 47ನೆಯ ವಯಸ್ಸಿನಲ್ಲಿ, ಹಲವು ಮಂದಿ ಹಿರಿಯರನ್ನು ದಾಟಿ ಮೇಲೇರಿದ್ದ ಹೊತ್ತಿನಲ್ಲಿ, ಆ ಕೆಲಸವನ್ನೇ ಬಿಟ್ಟುಬಿಟ್ಟರು!

ಕಾರಣ ಗುಟ್ಟೇನಲ್ಲ. ಬ್ರಿಟಿಷರ ಆ ಕಾಲದಲ್ಲಿ ಚೀಫ್ ಇಂಜನಿಯರರ ಹುದ್ದೆ ಭಾರತೀಯನಿಗೆ ಸಿಕ್ಕುವಂತಿರಲಿಲ್ಲ. ಇನ್ನೂ ಹತ್ತು ವರ್ಷ ದುಡಿದರೂ, ಇನ್ನೂ ಹತ್ತು ಕಟ್ಟೆ ಕಟ್ಟಿದರೂ ಆ ಬಾಗಿಲು ತೆರೆಯುವಂಥದಲ್ಲ. ಏಕೆಂದರೆ ಅದನ್ನು ಮುಚ್ಚಿದ್ದು ಅವರ ಯೋಗ್ಯತೆಯ ಕೊರತೆಯಲ್ಲ. ಪೂರ್ಣ ಪಿಂಚಣಿಗೆ ಬೇಕಾದ 25 ವರ್ಷದ ಸೇವೆ ಕೂಡ ತುಂಬಿರಲಿಲ್ಲ. ಸರಕಾರ ಪಿಂಚಣಿ ಕೊಟ್ಟಿತೆಂಬುದು ಬೇರೆ ಮಾತು. ನಮ್ಮ ಮನೆಗಳಲ್ಲಿ ಇಂಥ ಸಂದರ್ಭ ಬಂದಿದ್ದರೆ 'ಇನ್ನೊಂದು ವರ್ಷ ತಾಳಪ್ಪಾ' ಎಂದು ಎಷ್ಟು ಮಂದಿ ಚಿಕ್ಕಪ್ಪಂದಿರು ಬುದ್ಧಿ ಹೇಳುತ್ತಿದ್ದರೋ!

ಅವರು ವಿದೇಶ ಪ್ರವಾಸಕ್ಕೆ ಹೊರಟರು. 1908ರ ಸೆಪ್ಟೆಂಬರ್ 28ರಂದು ಹೈದರಾಬಾದಿನಲ್ಲಿ ಮೂಸಿ ನದಿ ಉಕ್ಕಿ ಸಾವಿರಾರು ಜನ ಸತ್ತರು. ನಿಜಾಮ ಸರಕಾರದ ಕರೆ ಪ್ರವಾಸದಲ್ಲಿಯೇ ಅವರನ್ನು ಹುಡುಕಿಕೊಂಡು ಹೋಯಿತು. 1909ರಲ್ಲಿ ಬಂದು ಪ್ರವಾಹ ತಡೆಯುವ ಯೋಜನೆ ಮಾಡಿಕೊಟ್ಟರು. ಅದೇ ವರ್ಷ ಮೈಸೂರಿನ ಚೀಫ್ ಇಂಜನಿಯರಾದರು, 1912ರಲ್ಲಿ ದಿವಾನರಾದರು. ಮುಂಬಯಿಯ ಕೆಲಸ ಬಿಡುವಾಗ ಇದಾವುದೂ ಅವರ ಕೈಯಲ್ಲಿರಲಿಲ್ಲ ಎಂಬುದನ್ನು ಗಮನಿಸಬೇಕು. ಬಿಟ್ಟವರಿಗೆಲ್ಲ ದಿವಾನಗಿರಿ ಸಿಕ್ಕುತ್ತದೆಂದು ನಾವು ಹೇಳುತ್ತಿಲ್ಲ.

ದಿವಾನಗಿರಿಯನ್ನೂ ಅವರು 1918ರಲ್ಲಿ ಬಿಟ್ಟರು. ಸರಕಾರಿ ನೌಕರಿಯಲ್ಲಿ ಬ್ರಾಹ್ಮಣೇತರರಿಗೆ ಪ್ರಾತಿನಿಧ್ಯ ಕೊಡುವ ವಿಚಾರಕ್ಕೆ ಮಹಾರಾಜರು ಮಿಲ್ಲರ್ ಸಮಿತಿಯನ್ನು ನೇಮಿಸಿದರು; ದಿವಾನರಿಗೆ ಅದು ಒಪ್ಪಿಗೆಯಾಗಲಿಲ್ಲ. ಈ ವಿಷಯದಲ್ಲಿ ನ್ಯಾಯ ಮಹಾರಾಜರ ಪಕ್ಷದಲ್ಲಿತ್ತೆಂಬುದೇ ನಮ್ಮ ಅಭಿಪ್ರಾಯ. ಬಿಡುವವನು ಯಾವಾಗಲೂ ಸರಿಯಾದ ಕಾರಣಕ್ಕೇ ಬಿಡುತ್ತಾನೆಂದಿಲ್ಲ. ಆದರೂ ಒಪ್ಪದ ಧೋರಣೆಯನ್ನು ಕುರ್ಚಿಯಲ್ಲಿ ಕುಳಿತೇ ಕೆಡಿಸುವುದಕ್ಕಿಂತ ಕುರ್ಚಿ ಬಿಟ್ಟು ಏಳುವುದು ಮೇಲು.

ಇನ್ನು ಭದ್ರಾವತಿ. ಮಲೆನಾಡಿನ ಆ ಕಬ್ಬಿಣದ ಕಾರ್ಖಾನೆಯ ಕಥೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಕೆಮ್ಮಣ್ಣುಗುಂಡಿಯ ಅದಿರು ಹತ್ತಿರದಲ್ಲಿತ್ತು, ಕಲ್ಲಿದ್ದಲು ಹತ್ತಿರದಲ್ಲೆಲ್ಲೂ ಇರಲಿಲ್ಲ. ಆದುದರಿಂದ ಕಾಡಿನ ಕಟ್ಟಿಗೆಯನ್ನು ಸುಟ್ಟು ಇದ್ದಿಲು ಮಾಡಿ, ಆ ಇದ್ದಿಲಿನಿಂದ ಕಬ್ಬಿಣ ಕರಗಿಸಬೇಕು. ಕಟ್ಟಿಗೆಯ ಹೊಗೆಯನ್ನೂ ಬಿಡದೆ ಅದರಿಂದ ಮರದ ಮದ್ಯಸಾರ, ಡಾಂಬರು ಮುಂತಾದವನ್ನು ತೆಗೆಯಬೇಕು. ಇದು ಯೋಜನೆ. 1923ರಲ್ಲಿ ಕುಲುಮೆ ಉರಿಯತೊಡಗಿದಾಗ ಜಗತ್ತೇ ಬೇರೆಯಾಗಿತ್ತು. ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಕುಸಿದಿತ್ತು, ಕಾರ್ಖಾನೆಗೆ ತಗಲಿದ ವೆಚ್ಚ ಅಂದಾಜನ್ನು ಮೀರಿತ್ತು. ನಷ್ಟದ ಮೇಲೆ ನಷ್ಟ. ಮುಚ್ಚಿಬಿಡುವುದೇ ಮೇಲೆಂಬ ಮಾತು ಎದ್ದಿತು. ಎರಡು ಸಲ ಕೆಲಸ ಬಿಟ್ಟ ಮನುಷ್ಯನನ್ನು ಸರಕಾರ ಆಗ ಕರೆಯಿತು. ಅವರು ಆಡಳಿತ ಮಂಡಳಿಯ ಅಧ್ಯಕ್ಷರಾಗಿ 1929ರವರೆಗೆ ಅಲ್ಲಿಯೇ ನಿಂತರು.

ಅಲ್ಲಿ ಏಕೆ ಬಿಡಲಿಲ್ಲ? ಅಭಿಮಾನ ಇದ್ದೇ ಇತ್ತು, ಕಾರ್ಖಾನೆ ಅವರ ಕನಸೇ. ಆದರೆ ಅಭಿಮಾನದಿಂದ ಕುಲುಮೆ ಉರಿಯುವುದಿಲ್ಲ. ಅವರು ಲೆಕ್ಕದ ಪುಸ್ತಕ ತೆರೆದರು. ನಷ್ಟ ಎಲ್ಲೆಲ್ಲಿ ಸೋರುತ್ತಿದೆಯೆಂದು ನೋಡಿದರೆ ಒಂದೊಂದು ತೂತಿಗೂ ಕೈ ನಿಲುಕುವಂತಿತ್ತು. ದುಬಾರಿ ಸಂಬಳದ ವಿದೇಶೀ ತಜ್ಞರ ಜಾಗಕ್ಕೆ ನಮ್ಮ ತರುಣರನ್ನು ತಯಾರು ಮಾಡಬಹುದಾಗಿತ್ತು, ಕಬ್ಬಿಣವನ್ನು ಹಾಗೆಯೇ ಮಾರುವ ಬದಲು ಕೊಳವೆಗಳಾಗಿ ಎರಕಹೊಯ್ದು ಮಾರಬಹುದಾಗಿತ್ತು, ಖರ್ಚಿನ ಒಂದೊಂದು ಬಾಬನ್ನೂ ಇಳಿಸಬಹುದಾಗಿತ್ತು. ಅದನ್ನೇ ಮಾಡಿದರು. ಪ್ರಪಂಚದ ಬೆಲೆ ಅವರ ಕೈಯಲ್ಲಿರಲಿಲ್ಲ, ಅದರ ತಂಟೆಗೆ ಹೋಗಲಿಲ್ಲ. ಆ ಸೇವೆಗೆ ಬಂದ ಸಂಭಾವನೆ ಮುಂದೆ ಬೆಂಗಳೂರಿನಲ್ಲಿ ತರುಣರಿಗೆ ಕಸುಬು ಕಲಿಸುವ ಜಯಚಾಮರಾಜೇಂದ್ರ ಸಂಸ್ಥೆಗೆ ಹೋಯಿತು.

ಹೀಗೆ ಉಳಿದ ಕಾರ್ಖಾನೆಯನ್ನು ಮುಚ್ಚುವ ತೀರ್ಮಾನವನ್ನು 2023ರ ಜನವರಿಯಲ್ಲಿ ಭಾರತೀಯ ಉಕ್ಕು ಪ್ರಾಧಿಕಾರ ಮಾಡಿತು. ಕಾರ್ಮಿಕರು ಬೀದಿಗಿಳಿದರು. ನೂರು ವರ್ಷದ ಹಿಂದೆ ಕೇಳಿದ ಪ್ರಶ್ನೆ ಅದೇ ಚಿಮಣಿಯ ಕೆಳಗೆ ಮತ್ತೆ ಬಂದು ನಿಂತಿತು. 1923ರ ಉತ್ತರ ಇಂದಿಗೂ ಸಲ್ಲುತ್ತದೆಯೆ ಎಂಬುದನ್ನು ಹೊಸ ಲೆಕ್ಕದ ಪುಸ್ತಕ ಬಿಚ್ಚದೆ ಹೇಳಲಾಗದು. ಹಳೆಯ ಗೆಲುವಿನ ಹೆಸರು ಹೇಳಿ ನಡೆಸುವುದೂ ತಪ್ಪು, ನೋಡದೆ ಮುಚ್ಚುವುದೂ ತಪ್ಪು.

ಮೋಟಾರಿನ ಕಥೆಯನ್ನು ಚಿಕ್ಕದಾಗಿ ಹೇಳಿ ಮುಗಿಸುತ್ತೇವೆ. ಎಪ್ಪತ್ತು ದಾಟಿದ ಮೇಲೆ ಅವರು ನಮ್ಮ ದೇಶದಲ್ಲಿಯೇ ಮೋಟಾರು ಕಾರ್ಖಾನೆ ಆಗಬೇಕೆಂದು ಅಮೆರಿಕ ಯೂರೋಪುಗಳನ್ನು ಸುತ್ತಿ ಯೋಜನೆ ತಂದರು. ಭಾರತ ಸರಕಾರದ ಸಹಕಾರ ದೊರೆಯಲಿಲ್ಲ, ನಡುವೆ ಯುದ್ಧ ಬಂದಿತು. ಆ ಪ್ರಯತ್ನದಲ್ಲಿ ಜೊತೆಗಿದ್ದ ವಾಲಚಂದ ಹೀರಾಚಂದರು 1944ರಲ್ಲಿ ಮುಂಬಯಿಯಲ್ಲಿ ಪ್ರೀಮಿಯರ್ ಕಂಪನಿ ಸ್ಥಾಪಿಸಿದರು. ಮುಂಬಯಿಯಲ್ಲಿ ಬಾಳಿದವರೆಲ್ಲ ಹತ್ತಿ ಇಳಿದ ಆ ಕಪ್ಪು ಹಳದಿ ಪದ್ಮಿನಿ ಟ್ಯಾಕ್ಸಿ ಅದೇ ಕಂಪನಿಯದು. 2023ರ ಅಕ್ಟೋಬರಿನಲ್ಲಿ ಅದು ರಸ್ತೆಯಿಂದ ಮರೆಯಾಯಿತು. ಒಬ್ಬರು ಕೈಬಿಟ್ಟಲ್ಲಿಂದ ಇನ್ನೊಬ್ಬರು ಎತ್ತಿಕೊಂಡರೆ ಮೊದಲಿನವರದು ಸೋಲೆ? ಈ ಪ್ರಶ್ನೆಯನ್ನು ನಮ್ಮ ಹೋಟೆಲಿನವರಿಗೇ ಬಿಡುತ್ತೇವೆ, ಒಬ್ಬರ ಗಲ್ಲೆಯಿಂದ ಇನ್ನೊಬ್ಬರ ಗಲ್ಲೆಗೆ ಅಂಗಡಿ ಹೇಗೆ ದಾಟುತ್ತದೆಂಬುದು ಅವರಿಗೆ ಚೆನ್ನಾಗಿ ಗೊತ್ತು.

ಈಗ ಖಾನಾವಳಿಗೆ ಮರಳೋಣ. ಕಚೇರಿಯೇ ಹೋಗಿ ಬೀದಿ ಬರಿದಾಗಿದ್ದರೆ ಅದು 1908ರ ಬಾಗಿಲು. ಎಷ್ಟು ತಟ್ಟಿದರೂ ಆಚೆ ಯಾರೂ ಇಲ್ಲ. ಉಣ್ಣುವವರಿದ್ದೂ ಹಣ ನಿಲ್ಲುತ್ತಿಲ್ಲವಾದರೆ ಅದು ಭದ್ರಾವತಿ. ಎಣ್ಣೆಯ ಡಬ್ಬಿ, ಉದ್ದರಿಯ ಪುಸ್ತಕ, ಆಳಿನ ಸಂಬಳ ಒಂದೊಂದನ್ನೂ ನೋಡಬೇಕು. ಪರೀಕ್ಷೆಗೆ ಓದುವ ಮಗುವನ್ನೂ ಹೀಗೆಯೇ ಕೇಳಬಹುದು. ಕಳೆದ ಸಲಕ್ಕಿಂತ ಈ ಸಲ ಎಲ್ಲಿಯಾದರೂ ಮುಂದೆ ಬಂದಿದ್ದೀಯಾ? ಬಂದಿದ್ದರೆ ಇನ್ನೊಂದು ವರ್ಷ ಅನ್ನ ಹಾಕಲು ಯಾವ ತಾಯಿಯೂ ಬೇಸರಿಸಳು. ಮೂರು ವರ್ಷವೂ ಅಂಕ ಅಲ್ಲಿಯೇ ನಿಂತಿದ್ದರೆ, ಆ ಮಾತನ್ನು ಮಗು ತಾನೇ ಎತ್ತಲಾರದು, ಹಿರಿಯರು ಎತ್ತಬೇಕು. ಎತ್ತುವಾಗ ಸೋದರಮಾವನ ಮಗನ ಸಂಬಳದ ಸುದ್ದಿ ತರಬಾರದು.

ಸಂಘದ ಹಿರಿಯರಲ್ಲಿ ಬ್ಯಾಂಕಿನಿಂದ ನಿವೃತ್ತರಾದ ಇಬ್ಬರು ಭಾನುವಾರ ಬೆಳಿಗ್ಗೆ ಕಚೇರಿಯಲ್ಲಿ ಕುಳಿತು ಯಾರ ಲೆಕ್ಕದ ಪುಸ್ತಕವನ್ನಾದರೂ ನೋಡಿಕೊಡಲು ಒಪ್ಪಿರುವರು. ಅಲ್ಲಿ ಕೇಳಿದ್ದು ಅಲ್ಲಿಯೇ ಉಳಿಯುತ್ತದೆ. ಅಂಗಡಿ ಮುಚ್ಚುವವರ ಪಾತ್ರೆ, ಗ್ರೈಂಡರು, ಮೇಜುಗಳನ್ನು ಹೊಸದಾಗಿ ತೆರೆಯುವವರಿಗೆ ಮಾತಾಡಿ ಕೊಡಿಸುವ ಕೆಲಸವನ್ನು ಕಾರ್ಯದರ್ಶಿಗಳು ವಹಿಸಿಕೊಂಡಿದ್ದಾರೆ.

ಮತ್ತೊಂದು ಮಾತು. ಪ್ರತಿ ವರ್ಷ ಈ ವೇದಿಕೆಯ ಮೇಲೆ ಒಳ್ಳೆಯ ಅಂಕ ಪಡೆದ ಮಕ್ಕಳಿಗೆ ಶಾಲು ಹೊದಿಸುತ್ತೇವೆ. ಹಾಗೆ ಹೊದಿಸಿಕೊಂಡ ಕೆಲವರು ಈಚೆಗೆ ನಮ್ಮ ಸಭೆಗೇ ಬರುತ್ತಿಲ್ಲ. ವಿಚಾರಿಸಿದರೆ ತಾಯಂದಿರು 'ಅಭ್ಯಾಸ ನಡೆದಿದೆ' ಎಂದು ಹೇಳಿ ಬೇರೆ ಮಾತು ತೆಗೆಯುತ್ತಾರೆ. ಊಟದ ಪಂಕ್ತಿ ಸಿದ್ಧವಾಗಿದೆಯೆಂದು ಅಡಿಗೆಯವರು ಕೈಸನ್ನೆ ಮಾಡುತ್ತಿದ್ದಾರೆ. ಮನೆಯಲ್ಲಿಯೇ ಉಳಿದ ಮಕ್ಕಳಿಗೆ ಹೋಳಿಗೆ ಕಟ್ಟಿಡಲು ಹೇಳಿದ್ದೇವೆ, ಮರೆಯದೆ ಒಯ್ಯಿರಿ. ಬರುವ ವರ್ಷ ಅವರೇ ಬಂದು ನಮ್ಮ ಪಕ್ಕದಲ್ಲಿ ಕುಳಿತು ಉಣ್ಣಲಿ. ಪರೀಕ್ಷೆಯ ಸುದ್ದಿ ಯಾರೂ ಕೇಳುವುದಿಲ್ಲ.