ಜಲ್ಲಿಯ ಸಂದು, ಹೊಳೆಯ ಮರಳು
(ಜಲಸಂರಕ್ಷಣಾ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸ)



ಕೃಷಿ ವಿಜ್ಞಾನಿಗೆ ಕಾಂಕ್ರೀಟಿನ ಗೊಡವೆಯೇಕೆಂದು ತಮಗೆ ಅನ್ನಿಸಬಹುದು. ನನ್ನ ತೋಟದ ನೀರಿನ ತೊಟ್ಟಿ ಮೊದಲ ವರ್ಷವೇ ಜಿನುಗಿದಾಗ ಈ ಗೊಡವೆ ಆರಂಭವಾಯಿತು. ಸಿಮೆಂಟ್ ಸಾಲದಾಯಿತೆಂದು ಎಲ್ಲರೂ ಹೇಳಿದರು. ಒಡೆದು ನೋಡಿದಾಗ ಕಂಡದ್ದೇ ಬೇರೆ: ಬಹುತೇಕ ಒಂದೇ ಗಾತ್ರದ ಜಲ್ಲಿ, ನಡುನಡುವೆ ಜೇನುಗೂಡಿನಂತಹ ಟೊಳ್ಳು. ಆ ಜಲ್ಲಿಯನ್ನು ಆರಿಸಿ ತರಿಸಿದವನು ನಾನೇ.

ಕಾಂಕ್ರೀಟಿನ ಘನ ಅಳತೆಯಲ್ಲಿ ಮುಕ್ಕಾಲು ಪಾಲಿನ ಆಸುಪಾಸು ಇರುವುದು ಜಲ್ಲಿ ಮತ್ತು ಮರಳು. ಒಂದೇ ಗಾತ್ರದ ಕಲ್ಲುಗಳನ್ನು ಬುಟ್ಟಿಗೆ ಸುರಿದರೆ ಸುಮಾರು ಶೇಕಡ 40ರಷ್ಟು ಜಾಗ ಬರಿದಾಗಿಯೇ ಉಳಿಯುತ್ತದೆ. 20 ಮಿ.ಮೀ. ಜಲ್ಲಿಯ ಸಂದನ್ನು 10 ಮಿ.ಮೀ. ಜಲ್ಲಿಯೂ, ಅದರ ಸಂದನ್ನು ದಪ್ಪ ಮರಳೂ, ಮತ್ತೆ ಉಳಿದುದನ್ನು ಸಣ್ಣ ಮರಳೂ ತುಂಬಿದರೆ ಸಿಮೆಂಟಿನ ಪಾಕ ತುಂಬಬೇಕಾದ ಜಾಗ ಕಿರಿದಾಗುತ್ತದೆ. ಫುಲ್ಲರ್ ಮತ್ತು ಥಾಮ್ಸನ್ ಎಂಬವರು 1907ರಲ್ಲಿಯೇ ಇಂತಹ ಹಂತಹಂತದ ಮಿಶ್ರಣದ ಆದರ್ಶ ರೇಖೆಯನ್ನು ಪ್ರಕಟಿಸಿದ್ದರು. ಬೇಸಾಯಕ್ಕೆ ನಾವು ಬಯಸುವುದು ರಂಧ್ರಗಳುಳ್ಳ ಸಡಿಲ ಮಣ್ಣನ್ನು. ತೊಟ್ಟಿಗೆ ಬೇಕಾದುದು ಅದರ ವಿಪರೀತ.

ಹಾಗೆಂದು ಹುಡಿ ಹೆಚ್ಚಿದರೂ ಕೇಡೇ. ಕಣ ಸಣ್ಣದಾದಷ್ಟೂ ಒಟ್ಟು ಮೇಲ್ಮೈ ಹಿಗ್ಗುತ್ತದೆ. ಅದನ್ನು ತೋಯಿಸಲು ಹೆಚ್ಚು ನೀರು ಬೇಕು. ಹೆಚ್ಚುವರಿ ನೀರು ಆರಿದ ಮೇಲೆ ಉಳಿಯುವುದು ಸೂಕ್ಷ್ಮ ರಂಧ್ರಗಳು. ಬಲ ಕುಗ್ಗುವುದು, ನೀರು ಜಿನುಗುವುದು ಅಲ್ಲಿಂದಲೇ.

ಇದು ಹೊಳೆಯ ಪ್ರಶ್ನೆಯೂ ಹೌದು. ಕಲ್ಲನ್ನು ಪುಡಿಮಾಡಿ ತಯಾರಿಸಿದ ಎಂ-ಸ್ಯಾಂಡನ್ನು 2016ರಲ್ಲಿ ಪರಿಷ್ಕೃತವಾದ ಭಾರತೀಯ ಮಾನಕ 383 ಒಪ್ಪಿಕೊಂಡಿದೆ. ಆದರೂ ಜರಡಿ ಹಿಡಿಯದ, ಹುಡಿ ತುಂಬಿದ ಮಾಲು ಒಮ್ಮೆ ಕೈಕೊಟ್ಟರೆ ಜನ ಮತ್ತೆ ಹೊಳೆಯ ಒಡಲಿಗೇ ಕೈಹಾಕುತ್ತಾರೆ. ಇತ್ತ ಪುಡಿಮಾಡುವ ಕಲ್ಲೂ ಗುಡ್ಡದಿಂದಲೇ ಬರಬೇಕು. ಸಿಮೆಂಟಿಗಾಗಿ ಸುಣ್ಣಕಲ್ಲನ್ನು ಸುಟ್ಟಾಗ ಇಂಗಾಲದ ಡೈಆಕ್ಸೈಡ್ ಹೊರಬೀಳುವುದನ್ನೂ ಮರೆಯಲಾಗದು. ಎರಡು ಬಾರಿ ಕಟ್ಟಿದ ತೊಟ್ಟಿ ಹೊಳೆಯನ್ನೂ ಗುಡ್ಡವನ್ನೂ ಎರಡು ಬಾರಿ ತಿನ್ನುತ್ತದೆ.

ಪರೀಕ್ಷೆ ಸುಲಭ. ತೋಯಿಸಿ ನೀರು ಬಸಿದ ಜಲ್ಲಿಯನ್ನು ಬಕೆಟ್ಟಿನ ಕಂಠದವರೆಗೆ ತುಂಬಿರಿ. ಅಳೆದು ನೀರು ಸುರಿಯಿರಿ. ಹಿಡಿಸಿದ ನೀರೇ ಸಂದಿನ ಅಳತೆ. 20 ಮಿ.ಮೀ. ಮೂರು ಪಾಲು, 10 ಮಿ.ಮೀ. ಎರಡು ಪಾಲು ಬೆರೆಸಿ ಆರಂಭಿಸಿರಿ. ಪ್ರಮಾಣ ಬದಲಿಸುತ್ತ, ಅತಿ ಕಡಿಮೆ ನೀರು ಹಿಡಿಯುವ ಮಿಶ್ರಣವನ್ನು ಗುರುತಿಸಿರಿ. ಮುಂದಿನ ಕಟ್ಟೆಗೆ ಸಿಮೆಂಟ್ ಚೀಲಗಳನ್ನು ಲೆಕ್ಕ ಹಾಕುವ ಮೊದಲು ಈ ಬಕೆಟ್ಟನ್ನು ಅಂಗಳಕ್ಕೆ ತರೋಣ.